ಗ್ರಾಫಿಕ್ಸ್ ಕಾರ್ಡ್ ಇದ್ದೂ ವಿಡಿಯೋ ಎಡಿಟಿಂಗ್ ನಿಧಾನವೇ? ಕೊಳ್ಳುವ ಮೊದಲು ಇರುವುದನ್ನು ದುಡಿಸಿ

“ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ, ಎಲ್ಲ ಸರಿಹೋಗುತ್ತೆ.” ಗೃಹಪ್ರವೇಶದ್ದೋ ನಾಮಕರಣದ್ದೋ ವಿಡಿಯೋವನ್ನು ಮನೆಯ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಲು ಕೂತವರಿಗೆ ಸಿಗುವ ಮೊದಲ ಸಲಹೆ ಇದು. ಕಾರ್ಡ್ ಬರುತ್ತದೆ, ದುಡ್ಡು ಹೋಗುತ್ತದೆ, ವಿಡಿಯೋ ತುಂಡುಗಳನ್ನು ಜೋಡಿಸುವ ಪಟ್ಟಿ, ಅಂದರೆ ಟೈಮ್‌ಲೈನ್, ಮಾತ್ರ ಮೊದಲಿನ ಹಾಗೇ ತಡವರಿಸುತ್ತದೆ. ಕಾರ್ಡ್ ಕೆಟ್ಟದ್ದು ಅಂತಲ್ಲ. ಸಾಫ್ಟ್‌ವೇರ್ ಅದನ್ನು ಯಾವ ಕೆಲಸಕ್ಕೆ ಬಳಸುತ್ತಿದೆ, ಯಾವುದಕ್ಕೆ ಮುಟ್ಟುತ್ತಲೇ ಇಲ್ಲ ಅಂತ ಯಾರೂ ನೋಡಿರುವುದಿಲ್ಲ, ಅಷ್ಟೇ.

ಇಲ್ಲಿ ಹೇಳುವುದು ಹೆಚ್ಚಾಗಿ ವಿಂಡೋಸ್ ಕಂಪ್ಯೂಟರಿಗೆ. ಸಾಫ್ಟ್‌ವೇರ್ ಮೂರು: ಶಾಟ್‌ಕಟ್, ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್. ಮೂರೂ ಉಚಿತವಾಗಿ ಸಿಗುತ್ತವೆ. ನೀವು ಬೇರೆ ಏನಾದರೂ ಬಳಸುತ್ತಿದ್ದರೂ ಹೆದರಬೇಡಿ, ಬಟನ್ ಇರುವ ಜಾಗ ಬದಲಾಗಬಹುದು, ಲೆಕ್ಕ ಅದೇ.

ಕೆಲಸ ಒಂದಲ್ಲ, ಮೂರು

ಗ್ರಾಫಿಕ್ಸ್ ಚಿಪ್ಪಿನಿಂದ (ಜಿಪಿಯು) ಕೆಲಸ ಬೇಗ ಮಾಡಿಸುವುದನ್ನು ‘ಜಿಪಿಯು ಆಕ್ಸಿಲರೇಶನ್’ ಅಂತ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ. ಒಳಗೆ ನಡೆಯುವುದು ಮೂರು ಬೇರೆ ಬೇರೆ ಕೆಲಸ.

ಮೊದಲನೆಯದು ಡಿಕೋಡಿಂಗ್. ಫೋನಿನ ವಿಡಿಯೋ ಒತ್ತಿ ಮಡಿಸಿಟ್ಟ ರೂಪದಲ್ಲಿರುತ್ತದೆ, ಅದನ್ನು ಬಿಡಿಸಿ ಚಿತ್ರಗಳನ್ನಾಗಿ ಮಾಡಬೇಕು. ಎರಡನೆಯದು ಎಫೆಕ್ಟ್: ಬಣ್ಣ ತಿದ್ದುವುದು, ಟೈಟಲ್ ಹಾಕುವುದು, ಅಲುಗಾಟ ತಡೆಯುವುದು. ಮೂರನೆಯದು ಎನ್‌ಕೋಡಿಂಗ್, ಅಂದರೆ ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮತ್ತೆ ಒತ್ತಿ ಫೈಲ್ ಮಾಡುವುದು.

ಡಿಕೋಡಿಂಗ್‌ಗೂ ಎನ್‌ಕೋಡಿಂಗ್‌ಗೂ ಚಿಪ್ಪಿನೊಳಗೆ ಪ್ರತ್ಯೇಕ ಪುಟ್ಟ ಭಾಗಗಳಿವೆ. ಇಂಟೆಲ್‌ನವರು ಇದನ್ನು ಕ್ವಿಕ್ ಸಿಂಕ್ ಅನ್ನುತ್ತಾರೆ, 2011ರಿಂದ ಇದೆ. ಎನ್‌ವಿಡಿಯಾದ ಎನ್‌ವೆಂಕ್ 2012ರಲ್ಲಿ ಬಂತು, ಅದು ಎನ್‌ಕೋಡಿಂಗ್‌ಗೆ ಮಾತ್ರ. ಆಟ ಆಡುವಾಗ ದುಡಿಯುವ ದೊಡ್ಡ ಭಾಗ ಎಫೆಕ್ಟ್‌ಗಳಿಗೆ ಮಾತ್ರ ಬರುತ್ತದೆ. ಹಾಗಾಗಿ ಆಟಕ್ಕೆ ಜಬರ್ದಸ್ತಾದ ಕಾರ್ಡ್ ಎಡಿಟಿಂಗ್‌ಗೂ ಹಾಗೇ ಇರಬೇಕು ಅಂತೇನಿಲ್ಲ.

ಮೂರೂ ಕೆಲಸ ಒಂದರ ಹಿಂದೊಂದು ಸಾಲಾಗಿ ನಡೆಯುತ್ತವೆ. ಅನ್ನ ಬೆಂದಿಲ್ಲದಿದ್ದರೆ ಬಡಿಸುವವರು ಹತ್ತು ಜನ ನಿಂತರೂ ಪಂಕ್ತಿ ಮುಂದೆ ಹೋಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಡಿಕೋಡಿಂಗ್ ಸಿಪಿಯು (ಮುಖ್ಯ ಪ್ರೊಸೆಸರ್) ಮೇಲೆ ತೆವಳುತ್ತಿರುವಾಗ ಎನ್‌ವೆಂಕ್ ಎಷ್ಟು ಚುರುಕಾಗಿದ್ದರೂ ಸುಮ್ನೆ ಕೂತಿರುತ್ತದೆ. ಆದ್ದರಿಂದ ಮೊದಲ ಕೆಲಸ ಸೆಟ್ಟಿಂಗ್ ಬದಲಿಸುವುದಲ್ಲ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಪತ್ತೆ ಮಾಡುವುದು.

ಹೆಜ್ಜೆ 1: ಫೈಲಿನ ಜಾತಕ ನೋಡಿ

ಮೀಡಿಯಾಇನ್ಫೋ ಅನ್ನುವ ಸಣ್ಣ ಉಚಿತ ಟೂಲ್ ಹಾಕಿಕೊಳ್ಳಿ. ನಿಮ್ಮ ವಿಡಿಯೋ ಫೈಲನ್ನು ಅದರಲ್ಲಿ ತೆರೆದು ಟ್ರೀ ಅಥವಾ ಟೆಕ್ಸ್ಟ್ ನೋಟಕ್ಕೆ ಹೋಗಿ. ತುಂಬ ಮಾಹಿತಿ ಕಾಣುತ್ತದೆ, ನಮಗೆ ಬೇಕಾದ್ದು ನಾಲ್ಕು ಸಾಲು.

ಫಾರ್ಮ್ಯಾಟ್: ಎವಿಸಿ ಅಂತಿದ್ದರೆ ಎಚ್.264, ಎಚ್‌ಇವಿಸಿ ಅಂತಿದ್ದರೆ ಎಚ್.265. ಮೊದಲನೆಯದನ್ನು ಹತ್ತು ವರ್ಷದ ಹಳೇ ಯಂತ್ರವೂ ಬಿಡಿಸುತ್ತದೆ. ಎರಡನೆಯದು ಹಳೇ ಸಿಪಿಯುಗೆ ಭಾರ.

ಬಿಟ್ ಡೆಪ್ತ್ (ಬಣ್ಣದ ಮೆಟ್ಟಿಲುಗಳು ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ): 8 ಅಥವಾ 10. ಐಫೋನ್ 12ರಿಂದ ಈಚೆಗಿನ ಫೋನುಗಳಲ್ಲಿ ಎಚ್‌ಡಿಆರ್ (ಬೆಳಕು ನೆರಳಿನ ವಿವರ ಹೆಚ್ಚು ಹಿಡಿಯುವ ವಿಧಾನ) ಆನ್ ಇದ್ದರೆ 10 ಬಿಟ್ ಬರುತ್ತದೆ. 10 ಬಿಟ್‌ನ ಎಚ್‌ಇವಿಸಿ ಬಿಡಿಸಲು ಇಂಟೆಲ್‌ನಲ್ಲಿ 7ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು. ಎನ್‌ವಿಡಿಯಾದಲ್ಲಿ 2016ರ ಜಿಟಿಎಕ್ಸ್ 10 ಸರಣಿ ಸಾಕು.

ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿ ಎಷ್ಟು ಉಳಿಸಿಕೊಂಡಿದೆ ಅನ್ನುವ ಲೆಕ್ಕ): ಫೋನಿನದ್ದು 4:2:0 ಇರುತ್ತದೆ. ಮದುವೆ ಫೋಟೋಗ್ರಾಫರ್ ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕೊಟ್ಟ ಮೂಲ ಫೈಲುಗಳಲ್ಲಿ 4:2:2 ಇರುವ ಸಾಧ್ಯತೆ ಜಾಸ್ತಿ. ಇಲ್ಲಿ ಒಂದು ತಮಾಷೆ ಇದೆ. 4:2:2 ಇರುವ ಎಚ್‌ಇವಿಸಿಯನ್ನು ಎನ್‌ವಿಡಿಯಾದ ಗೇಮಿಂಗ್ ಕಾರ್ಡುಗಳು 2025ರ ಆರ್‌ಟಿಎಕ್ಸ್ 50 ಸರಣಿ ಬರುವವರೆಗೆ ಬಿಡಿಸುತ್ತಲೇ ಇರಲಿಲ್ಲ. ಇಂಟೆಲ್ 11ನೇ ಜನರೇಷನ್ ಪ್ರೊಸೆಸರಿನೊಳಗೆ ಪುಕ್ಕಟೆಯಾಗಿ ಬರುವ ಗ್ರಾಫಿಕ್ಸ್ ಅದನ್ನು ಸಲೀಸಾಗಿ ಮಾಡುತ್ತದೆ. ಲಕ್ಷದ ಕಾರ್ಡ್ ಇದ್ದವರು ಒದ್ದಾಡುತ್ತಿರುವಾಗ ಸಾಧಾರಣ ಲ್ಯಾಪ್‌ಟಾಪ್ ಸರಾಗವಾಗಿ ಓಡುವ ಗುಟ್ಟು ಇದು.

ಫ್ರೇಮ್ ರೇಟ್ ಮೋಡ್: ವೇರಿಯಬಲ್ ಅಂತಿದ್ದರೆ ಜೋಪಾನ. ಫೋನುಗಳು ಬೆಳಕು ಕಡಿಮೆಯಾದಾಗ ಫ್ರೇಮ್ ಲೆಕ್ಕವನ್ನು ಹಿಂದೆ ಮುಂದೆ ಮಾಡುತ್ತವೆ. ಟೈಮ್‌ಲೈನಿನಲ್ಲಿ ಹೋಗ್ತಾ ಹೋಗ್ತಾ ಮಾತಿಗೂ ತುಟಿಗೂ ಹೊಂದಿಕೆ ತಪ್ಪುವುದು ಇದರಿಂದ. ಇದಕ್ಕೆ ಯಾವ ಕಾರ್ಡೂ ಮದ್ದಲ್ಲ. ಶಾಟ್‌ಕಟ್‌ನಲ್ಲಿ ಇಂಥ ಫೈಲ್ ತೆರೆದರೆ ಅದೇ ಎಚ್ಚರಿಸಿ, ಎಡಿಟಿಂಗ್‌ಗೆ ಅನುಕೂಲವಾದ ರೂಪಕ್ಕೆ ಬದಲಿಸಲೇ ಅಂತ ಕೇಳುತ್ತದೆ. ಹೂಂ ಅನ್ನಿ. ರಿಸಾಲ್ವ್ ಬಳಸುವವರು ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಉಚಿತ ಟೂಲಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಬದಲಿಸಿಕೊಳ್ಳಿ.

ಮುಂದೆ ಚಿತ್ರೀಕರಿಸುವುದು ನಿಮ್ಮ ಕೈಯಲ್ಲೇ ಇದ್ದರೆ ಇನ್ನೊಂದು ಸುಲಭದ ದಾರಿ ಇದೆ. ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿ. ಫೈಲ್ ದೊಡ್ಡದಾಗುತ್ತದೆ, ಆದರೆ ಎಚ್.264 ಬರುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಕ್ಯಾಮೆರಾದಲ್ಲೂ ಎಚ್‌ಇವಿಸಿ ಆಫ್ ಮಾಡುವ ಆಯ್ಕೆ ಇರುತ್ತದೆ.

ಹೆಜ್ಜೆ 2: ಟಾಸ್ಕ್ ಮ್ಯಾನೇಜರ್ ಓದಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್‌ಗೆ ಹೋಗಿ. ಎಡಗಡೆ ಕೆಳಗೆ ಜಿಪಿಯು 0, ಕೆಲವರಿಗೆ ಜಿಪಿಯು 1 ಕೂಡ ಕಾಣುತ್ತದೆ. ಎರಡು ಇದ್ದರೆ ಒಂದು ಪ್ರೊಸೆಸರಿನೊಳಗಿನದ್ದು, ಇನ್ನೊಂದು ಬೇರೆ ಕಾರ್ಡ್. ಹೆಸರು ಓದಿ ಯಾವುದು ಯಾವುದು ಅಂತ ಗುರುತು ಮಾಡಿಕೊಳ್ಳಿ.

ಒಂದನ್ನು ಕ್ಲಿಕ್ ಮಾಡಿದರೆ ನಾಲ್ಕು ಪುಟ್ಟ ಗ್ರಾಫ್ ಕಾಣುತ್ತವೆ. ‘ವಿಡಿಯೋ ಡಿಕೋಡ್’, ‘ವಿಡಿಯೋ ಎನ್‌ಕೋಡ್’ ಎಂಬ ಎರಡು ನಮಗೆ ಮುಖ್ಯ. ಎಎಮ್‌ಡಿ ಕಾರ್ಡುಗಳಲ್ಲಿ ಇವೆರಡೂ ಸೇರಿ ‘ವಿಡಿಯೋ ಕೋಡೆಕ್’ ಅಂತ ಇರಬಹುದು. ಗ್ರಾಫಿನ ಹೆಸರಿನ ಪಕ್ಕದ ಸಣ್ಣ ಬಾಣ ಒತ್ತಿದರೆ ಬೇರೆ ಭಾಗಗಳನ್ನೂ ಆರಿಸಬಹುದು. ಎನ್‌ವಿಡಿಯಾ ಇದ್ದವರು ಪಟ್ಟಿಯಲ್ಲಿ ‘ಕುಡಾ’ ಅಥವಾ ‘ಕಂಪ್ಯೂಟ್’ ಇದ್ದರೆ ಅದನ್ನೂ ತೆರೆದಿಟ್ಟುಕೊಳ್ಳಿ, ಎಫೆಕ್ಟ್ ಕೆಲಸ ಅಲ್ಲಿ ಕಾಣುತ್ತದೆ. ಬರೀ 3ಡಿ ಗ್ರಾಫ್ ನೋಡಿ “ಕಾರ್ಡ್ ಮಲಗಿದೆ” ಅಂತ ತೀರ್ಮಾನಿಸಬೇಡಿ.

ಈಗ ಈ ಕ್ರಮದಲ್ಲಿ ಪರೀಕ್ಷೆ ಮಾಡಿ.

1. ಅದೇ ವಿಡಿಯೋವನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಓಡಿಸಿ. ಡಿಕೋಡ್ ಗ್ರಾಫ್ ಎದ್ದರೆ ನಿಮ್ಮ ಯಂತ್ರಕ್ಕೆ ಆ ಫೈಲ್ ಬಿಡಿಸುವ ತಾಕತ್ತಿದೆ ಅಂತರ್ಥ.
2. ಈಗ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನಿನಲ್ಲಿ, ಯಾವ ಎಫೆಕ್ಟೂ ಇಲ್ಲದೆ ಓಡಿಸಿ. ಇಲ್ಲಿ ಡಿಕೋಡ್ ಸೊನ್ನೆಯಲ್ಲಿದ್ದು ಸಿಪಿಯು 90, 100 ಅಂತ ಏರಿದರೆ ಕಾರ್ಡಿಗೆ ತಾಕತ್ತಿದೆ, ಸಾಫ್ಟ್‌ವೇರ್ ಬಳಸುತ್ತಿಲ್ಲ.
3. ಎಫೆಕ್ಟ್ ಹಾಕಿ ಮತ್ತೆ ಓಡಿಸಿ. ಎಫೆಕ್ಟ್ ಹಾಕಿದ ಮೇಲೆ ಮಾತ್ರ ತಡವರಿಸಿದರೆ ತೊಂದರೆ ಎರಡನೇ ಕೆಲಸದ್ದು.
4. ಒಂದು ನಿಮಿಷದ ತುಂಡನ್ನು ಎಕ್ಸ್‌ಪೋರ್ಟ್ ಮಾಡಿ, ಎನ್‌ಕೋಡ್ ಗ್ರಾಫ್ ಕಡೆ ಕಣ್ಣಿಡಿ.

ಇದರ ಜೊತೆಗೆ ಡಿಸ್ಕ್ ಗ್ರಾಫನ್ನೂ ಒಮ್ಮೆ ನೋಡಿ. ಪೆನ್‌ಡ್ರೈವ್‌ನಿಂದಲೋ ಹಳೇ ಯುಎಸ್‌ಬಿ ಹಾರ್ಡ್ ಡಿಸ್ಕಿನಿಂದಲೋ ನೇರವಾಗಿ ಎಡಿಟ್ ಮಾಡುತ್ತಿದ್ದರೆ ಅದು 100ರಲ್ಲಿ ನಿಂತಿರುತ್ತದೆ. ಫೈಲುಗಳನ್ನು ಒಳಗಿನ ಎಸ್‌ಎಸ್‌ಡಿಗೆ ನಕಲು ಮಾಡಿಕೊಳ್ಳಿ, ಅರ್ಧ ಜನರ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 3: ಯಂತ್ರದ ಕಡೆಯ ಚಿಲ್ಲರೆ ಕೆಲಸಗಳು

ಡೆಸ್ಕ್‌ಟಾಪ್ ಆದರೆ ಹಿಂದುಗಡೆ ಬಗ್ಗಿ ನೋಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರೋ, ಕಾರ್ಡಿಗೋ? ಹೊಸ ಕಾರ್ಡ್ ಹಾಕಿಸಿ ಕೇಬಲ್ ಹಳೇ ಜಾಗದಲ್ಲೇ ಬಿಟ್ಟವರು ಬೇಕಾದಷ್ಟು ಜನ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಎಡಿಟ್ ಮಾಡಿ. ಬ್ಯಾಟರಿ ಮೇಲೆ ಕಾರ್ಡ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ನಿಮ್ಮ ಎಡಿಟಿಂಗ್ ಸಾಫ್ಟ್‌ವೇರನ್ನು ಪಟ್ಟಿಗೆ ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಇಲ್ಲದಿದ್ದರೆ ಕರೆಂಟ್ ಉಳಿಸಲು ವಿಂಡೋಸ್ ಒಳಗಿನ ಸಣ್ಣ ಗ್ರಾಫಿಕ್ಸನ್ನೇ ಹಿಡಿದು ಕೂರಬಹುದು.

ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರನ್ನು, ವಿಂಡೋಸ್ ಅಪ್‌ಡೇಟ್ ಕೊಟ್ಟದ್ದಕ್ಕೆ ಬಿಡಬೇಡಿ, ಕಂಪನಿಯ ಸೈಟಿನಿಂದಲೇ ಇಳಿಸಿ. ಎನ್‌ವಿಡಿಯಾದಲ್ಲಿ ಗೇಮ್ ರೆಡಿ, ಸ್ಟುಡಿಯೋ ಅಂತ ಎರಡು ಬಗೆ ಇವೆ. ವೇಗದಲ್ಲಿ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ. ಸ್ಟುಡಿಯೋ ಡ್ರೈವರ್ ಎಡಿಟಿಂಗ್‌ನಂಥ ಸಾಫ್ಟ್‌ವೇರುಗಳ ಜೊತೆ ಪರೀಕ್ಷೆ ಮಾಡಿ ಬಿಟ್ಟದ್ದು, ಅದನ್ನೇ ಹಾಕಿ. ಎಲ್ಲ ಚೆನ್ನಾಗಿ ನಡೆಯುತ್ತಿದ್ದರೆ, ಮದುವೆ ವಿಡಿಯೋ ನಾಳೆ ಕೊಡಬೇಕು ಅನ್ನುವ ರಾತ್ರಿ ಡ್ರೈವರ್ ಅಪ್‌ಡೇಟ್ ಮಾಡುವ ಹುಚ್ಚಿಗೆ ಹೋಗಬೇಡಿ.

ಡೆಸ್ಕ್‌ಟಾಪಿನಲ್ಲಿ ಇಂಟೆಲ್ ಪ್ರೊಸೆಸರ್ ಇರುವವರಿಗೆ ಒಂದು ಒಳ್ಳೇ ಉಪಾಯ. ಬೇರೆ ಕಾರ್ಡ್ ಹಾಕಿದ ಕೂಡಲೇ ಬಹಳಷ್ಟು ಮದರ್‌ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಿಬಿಡುತ್ತವೆ, ಕ್ವಿಕ್ ಸಿಂಕ್ ಅದರ ಜೊತೆಗೇ ಹೋಗುತ್ತದೆ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ ‘ಐಜಿಪಿಯು ಮಲ್ಟಿ ಮಾನಿಟರ್’ ಅನ್ನುವಂಥ ಆಯ್ಕೆ ಹುಡುಕಿ ಎನೇಬಲ್ ಮಾಡಿ. ಆಮೇಲೆ ಇಂಟೆಲ್ ಡ್ರೈವರ್ ಹಾಕಿ. ಟಾಸ್ಕ್ ಮ್ಯಾನೇಜರಿನಲ್ಲಿ ಎರಡೂ ಕಾಣತೊಡಗುತ್ತವೆ. ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಅಂದರೆ ಐ5-12400ಎಫ್ ಥರದ್ದು, ಅದರಲ್ಲಿ ಗ್ರಾಫಿಕ್ಸೇ ಇಲ್ಲ. ಹುಡುಕುವ ಶ್ರಮ ಬೇಡ.

ಹೆಜ್ಜೆ 4: ಸಾಫ್ಟ್‌ವೇರಿನೊಳಗೆ

ಶಾಟ್‌ಕಟ್: ಎಕ್ಸ್‌ಪೋರ್ಟ್ ಬಟನ್ ಒತ್ತಿದಾಗ ಬರುವ ಫಲಕದ ಕೆಳಗೆ ‘ಯೂಸ್ ಹಾರ್ಡ್‌ವೇರ್ ಎನ್‌ಕೋಡರ್’ ಎಂಬ ಚೌಕ ಇದೆ. ಪಕ್ಕದ ‘ಕಾನ್ಫಿಗರ್’ ಒತ್ತಿ, ‘ಡಿಟೆಕ್ಟ್’ ಒತ್ತಿದರೆ ನಿಮ್ಮ ಯಂತ್ರದಲ್ಲಿರುವ ಎನ್‌ಕೋಡರುಗಳನ್ನು ಅದೇ ಗುರುತಿಸುತ್ತದೆ. ಹೆಸರಿನಲ್ಲಿ ಎನ್‌ವೆಂಕ್ ಅಂತಿದ್ದರೆ ಎನ್‌ವಿಡಿಯಾ, ಕ್ಯುಎಸ್‌ವಿ ಅಂದರೆ ಇಂಟೆಲ್, ಎಎಮ್‌ಎಫ್ ಅಂದರೆ ಎಎಮ್‌ಡಿ. ಆದರೆ ಶಾಟ್‌ಕಟ್‌ನ ಬಹುಪಾಲು ಫಿಲ್ಟರುಗಳು ಸಿಪಿಯು ಮೇಲೇ ಓಡುತ್ತವೆ. ಐದಾರು ಫಿಲ್ಟರ್ ಹೇರಿದ ವಿಡಿಯೋದಲ್ಲಿ ಈ ಚೌಕ ಒತ್ತಿದರೂ ಸಮಯ ಅಷ್ಟೇನೂ ಇಳಿಯುವುದಿಲ್ಲ. ಸುಮ್ನೆ ಕತ್ತರಿಸಿ ಜೋಡಿಸಿದ್ದಾದರೆ ಚೆನ್ನಾಗಿ ಇಳಿಯುತ್ತದೆ.

ಕೆಡೆನ್‌ಲೈವ್: ರೆಂಡರ್ ಕಿಟಕಿಯ ಪ್ರೀಸೆಟ್ ಪಟ್ಟಿಯಲ್ಲಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಎಂಬ ಗುಂಪು ಇದೆ, ನಿಮ್ಮ ಕಾರ್ಡಿನದ್ದನ್ನು ಆರಿಸಿ. ಎಫೆಕ್ಟುಗಳ ಕಥೆ ಇಲ್ಲೂ ಶಾಟ್‌ಕಟ್‌ನದ್ದೇ.

ರಿಸಾಲ್ವ್‌ನ ದಾರಿ ಬೇರೆ. ಬಣ್ಣ, ಎಫೆಕ್ಟು, ಟೈಟಲ್ಲು ಎಲ್ಲವನ್ನೂ ಅದು ಕಾರ್ಡಿನ ಮೇಲೇ ಹಾಕುತ್ತದೆ. ಕಾರ್ಡ್ ಚೆನ್ನಾಗಿದ್ದರೆ ಇದರಲ್ಲಿ ಸಿಗುವ ಸುಖ ಬೇರೆಡೆ ಇಲ್ಲ, ಇಲ್ಲದಿದ್ದರೆ ಇದರಷ್ಟು ಕಾಡುವುದೂ ಇನ್ನೊಂದಿಲ್ಲ. ಪ್ರಿಫರೆನ್ಸಸ್‌ನಲ್ಲಿ ‘ಮೆಮೊರಿ ಆಂಡ್ ಜಿಪಿಯು’ ತೆರೆದು ಸರಿಯಾದ ಕಾರ್ಡ್ ಆಯ್ಕೆ ಆಗಿದೆಯೇ ನೋಡಿ. ಎನ್‌ವಿಡಿಯಾ ಇದ್ದರೆ ಮೋಡ್ ಕುಡಾ ಇರಲಿ. ಒಂದು ಮಾತು ಮೊದಲೇ ಗೊತ್ತಿರಬೇಕು: ವಿಂಡೋಸ್‌ನಲ್ಲಿ ಎಚ್.264, ಎಚ್.265ಕ್ಕೆ ಕಾರ್ಡಿನ ಡಿಕೋಡಿಂಗ್, ಎನ್‌ಕೋಡಿಂಗ್ ಪೂರ್ತಿಯಾಗಿ ಸಿಗುವುದು 295 ಡಾಲರಿನ ಸ್ಟುಡಿಯೋ ಆವೃತ್ತಿಯಲ್ಲಿ. ಲಿನಕ್ಸ್‌ನ ಉಚಿತ ಆವೃತ್ತಿಯಂತೂ ಎಚ್.264 ಫೈಲನ್ನು ತೆರೆಯುವುದೇ ಇಲ್ಲ. “ನನ್ನ ಫ್ರೆಂಡ್ ಲ್ಯಾಪ್‌ಟಾಪಲ್ಲಿ ಓಡುತ್ತೆ, ನನ್ನದರಲ್ಲಿ ಓಡಲ್ಲ” ಅನ್ನುವವರು ಮೊದಲು ಎರಡೂ ಕಡೆ ಇರುವುದು ಒಂದೇ ಆವೃತ್ತಿಯೇ ಅಂತ ಕೇಳಿಕೊಳ್ಳಿ.

ಹೆಜ್ಜೆ 5: ಪ್ರಾಕ್ಸಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡುವಷ್ಟು ತಾಳ್ಮೆ ಇದ್ದರೆ ಇದನ್ನು ಮಾಡಿ.

ಫೋನಿನ ವಿಡಿಯೋದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗಾಗ ಒಂದು ಪೂರ್ತಿ ಚಿತ್ರ ಇರುತ್ತದೆ, ನಡುವಿನವುಗಳಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಅನ್ನುವ ಲೆಕ್ಕ ಮಾತ್ರ. ನೇರವಾಗಿ ಓಡಿಸುವಾಗ ಇದರಿಂದ ತೊಂದರೆ ಇಲ್ಲ. ಟೈಮ್‌ಲೈನಿನಲ್ಲಿ ನೀವು ಹಿಂದೆ ಮುಂದೆ ಎಳೆದಾಡುವಾಗ ಪ್ರತಿ ಸಲವೂ ಹಿಂದಿನ ಪೂರ್ತಿ ಚಿತ್ರದವರೆಗೆ ಹೋಗಿ ಲೆಕ್ಕ ಹಾಕಿಕೊಂಡು ಬರಬೇಕು. ಕಾರ್ಡ್ ಇದ್ದರೂ ಇದು ತಪ್ಪುವುದಿಲ್ಲ, ಸ್ವಲ್ಪ ಬೇಗ ಆಗುತ್ತದೆ ಅಷ್ಟೇ.

ಪ್ರಾಕ್ಸಿ ಅಂದರೆ ಅದೇ ವಿಡಿಯೋದ ಹಗುರ ನಕಲು. ಎಡಿಟಿಂಗ್ ನಕಲಿನ ಮೇಲೆ, ಎಕ್ಸ್‌ಪೋರ್ಟ್ ಅಸಲಿನಿಂದ. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿನ ಪ್ರಾಕ್ಸಿ ಒಳಗೆ ‘ಯೂಸ್ ಪ್ರಾಕ್ಸಿ’ ಒತ್ತಿ. ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಟ್ಯಾಬ್‌ನಲ್ಲಿ ಆನ್ ಮಾಡಿ, ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಕ್ಸಿ ಕ್ಲಿಪ್’ ಆರಿಸಿ. ರೆಂಡರ್ ಮಾಡುವಾಗ ಪ್ರಾಕ್ಸಿ ಬಳಸುವ ಆಯ್ಕೆ ಆಫ್ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮಂಜು ಮಂಜಾದ ವಿಡಿಯೋ ಕೈಗೆ ಬರುತ್ತದೆ. ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನ ಕ್ಲಿಪ್‌ಗಳನ್ನು ಆರಿಸಿ ಬಲ ಕ್ಲಿಕ್‌ನಲ್ಲಿ ‘ಜನರೇಟ್ ಪ್ರಾಕ್ಸಿ ಮೀಡಿಯಾ’ ಕೊಡಿ.

ಪ್ರಾಕ್ಸಿ ತಯಾರಾಗಲು ಸಮಯ ಹಿಡಿಯುತ್ತದೆ. ಊಟಕ್ಕೆ ಹೋಗುವ ಮುಂಚೆ ಹಚ್ಚಿಟ್ಟು ಹೋಗಿ. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಪ್ರಿವ್ಯೂ ಮಾತ್ರ ಇಳಿಸಿ: ಶಾಟ್‌ಕಟ್‌ನಲ್ಲಿ ‘ಪ್ರಿವ್ಯೂ ಸ್ಕೇಲಿಂಗ್’ 540ಪಿ ಇಡಿ, ಕೆಡೆನ್‌ಲೈವ್‌ನಲ್ಲೂ ಹಾಗೆಯೇ.

ಹೆಜ್ಜೆ 6: ಎಕ್ಸ್‌ಪೋರ್ಟ್‌ನಲ್ಲಿ ಕಾರ್ಡೋ, ಸಿಪಿಯುವೋ?

ಕಾರ್ಡಿನ ಎನ್‌ಕೋಡರ್ ವೇಗದ್ದು, ಆದರೆ ಅದೇ ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಸಿಪಿಯು ನಿಧಾನವಾಗಿ ಮಾಡಿದಷ್ಟು ನಯವಾಗಿರುವುದಿಲ್ಲ. ಎನ್‌ವಿಡಿಯಾದಲ್ಲಿ 2018ರ ಟ್ಯೂರಿಂಗ್ ಎಂಬ ತಲೆಮಾರಿನ ಕಾರ್ಡುಗಳಿಂದ ಈಚೆಗೆ ಈ ಅಂತರ ತುಂಬಾ ಕಡಿಮೆಯಾಗಿದೆ. ಹಳೆಯವುಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಎಲ್ಲಿ ಕಾಣುತ್ತದೆ ಅಂದರೆ, ಮಾಂಗಲ್ಯಧಾರಣೆಯ ಗಳಿಗೆ ನೋಡಿ. ಗಟ್ಟಿಮೇಳ ಶುರುವಾಗುತ್ತದೆ, ಎಲ್ಲ ಕಡೆಯಿಂದ ಅಕ್ಷತೆ ಹಾರುತ್ತದೆ, ಹಿಂದೆ ಹೋಮದ ಹೊಗೆ. ಪರದೆಯ ಮೂಲೆಮೂಲೆಯಲ್ಲೂ ಒಂದೊಂದು ಕಾಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿರುವಾಗ “ಹಿಂದಿನ ಫ್ರೇಮಿನದ್ದೇ ಇರಲಿ” ಅನ್ನಲು ಎನ್‌ಕೋಡರಿಗೆ ಏನೂ ಉಳಿದಿರುವುದಿಲ್ಲ. ಬಿಟ್‌ರೇಟ್ ಸಾಲದೆ ವಧುವಿನ ಮುಖದ ಮೇಲೂ ರೇಷ್ಮೆ ಸೀರೆಯ ಅಂಚಿನ ಮೇಲೂ ಚೌಕ ಚೌಕ ಕಲೆ ಏಳುತ್ತವೆ. ಇಡೀ ವಿಡಿಯೋದಲ್ಲಿ ಎಲ್ಲರೂ ನಿಲ್ಲಿಸಿ ನೋಡುವ ಹತ್ತು ಸೆಕೆಂಡು ಅದೇ. ಹಾಗಾಗಿ ಪರೀಕ್ಷೆಗೆ ಎಕ್ಸ್‌ಪೋರ್ಟ್ ಮಾಡುವ ತುಂಡು ಅದೇ ಇರಲಿ, ಸುಮ್ಮನೆ ಕೂತು ಮಾತಾಡುವ ದೃಶ್ಯ ಬೇಡ.

ಬಿಟ್‌ರೇಟ್ ಎಷ್ಟಿಡಬೇಕು? ಯೂಟ್ಯೂಬ್‌ಗೆ ಹಾಕುವುದಾದರೆ ಅವರೇ ಕೊಟ್ಟ ಸಲಹೆ 1080ಪಿ 30 ಫ್ರೇಮಿಗೆ 8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 4ಕೆ 30 ಫ್ರೇಮಿಗೆ 35ರಿಂದ 45. ಕಾರ್ಡಿನಿಂದ ಎನ್‌ಕೋಡ್ ಮಾಡುವಾಗ 1080ಪಿಗೆ 12, 15 ಇಟ್ಟರೂ ತಪ್ಪಿಲ್ಲ. ಫೈಲ್ ಗಾತ್ರದ ಲೆಕ್ಕ ಸುಲಭ: 8 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1 ಎಂಬಿ, ನಿಮಿಷಕ್ಕೆ 60 ಎಂಬಿ. ಅರ್ಧ ಗಂಟೆಯದ್ದು 1.8 ಜಿಬಿ ಹತ್ತಿರ ಆಗುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ 2 ಜಿಬಿವರೆಗೆ ಕಳಿಸಬಹುದು, ಅದರೊಳಗೆ ಬಂತು.

ನನ್ನ ಪ್ರಕಾರ ಎರಡು ಪ್ರತಿ ತೆಗೆಯುವುದು ಒಳ್ಳೆಯದು. ಬಂಧುಗಳಿಗೆ ಕಳಿಸಲು ಕಾರ್ಡಿನಿಂದ ಬೇಗ ಒಂದು. ಮನೆಯಲ್ಲಿ ಇಟ್ಟುಕೊಳ್ಳಲು ರಾತ್ರಿ ಮಲಗುವ ಮುಂಚೆ ಸಿಪಿಯು ಎನ್‌ಕೋಡಿಂಗ್‌ಗೆ ಹಚ್ಚಿಟ್ಟು ಇನ್ನೊಂದು.

‘ಜಿಪಿಯು ಮೆಮೊರಿ ಫುಲ್’ ಅಂದರೆ

ರಿಸಾಲ್ವ್ ಬಳಸುವವರು ಈ ಸಂದೇಶ ನೋಡದೆ ಇರಲಾರರು. ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. 4ಕೆ ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ರಿಸಾಲ್ವ್ ಪ್ರತಿ ಬಣ್ಣವನ್ನೂ 32 ಬಿಟ್‌ನಲ್ಲಿ ಲೆಕ್ಕ ಹಾಕುತ್ತದೆ, ಹಾಗಾಗಿ ಒಂದು ಫ್ರೇಮ್ ಬಿಡಿಸಿದರೆ ಮೂರು ಬಣ್ಣಕ್ಕೇ ಸುಮಾರು 100 ಎಂಬಿ ಆಗುತ್ತದೆ. ಒಂದೇ ಎಫೆಕ್ಟಿಗೆ ಅಂಥ ಹತ್ತಾರು ಫ್ರೇಮ್ ಕೈಯಲ್ಲಿ ಹಿಡಿದಿರಬೇಕಾಗಬಹುದು. 4 ಜಿಬಿ ಕಾರ್ಡ್ ಎಷ್ಟು ಹೊತ್ತು ತಾಳೀತು? ಟೈಮ್‌ಲೈನ್ ರೆಸಲ್ಯೂಷನ್ 1080ಪಿಗೆ ಇಳಿಸಿ, ಅಗತ್ಯ ನಾಲ್ಕರಲ್ಲಿ ಒಂದಕ್ಕೆ ಬರುತ್ತದೆ. ಟಿವಿಯಲ್ಲಿ ಮನೆಯವರು ನೋಡುವ ವಿಡಿಯೋಗೆ 1080ಪಿ ಧಾರಾಳ ಸಾಕು. ಹಿಂದೆ ಕ್ರೋಮ್‌ನಲ್ಲಿ ತೆರೆದಿಟ್ಟ ಟ್ಯಾಬುಗಳೂ ಕಾರ್ಡಿನ ಮೆಮೊರಿ ತಿನ್ನುತ್ತವೆ, ಮುಚ್ಚಿ.

ಇಷ್ಟಾದ ಮೇಲೂ ಕಾರ್ಡ್ ಬೇಕೇ ಬೇಕು ಅಂದರೆ

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗುವ ಮುಂಚೆ ಮೂರು ಹೆಸರು ನೆನಪಿಟ್ಟುಕೊಳ್ಳಿ. ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ. ಎಎಮ್‌ಡಿಯ ಆರ್‌ಎಕ್ಸ್ 6400, 6500 ಎಕ್ಸ್‌ಟಿಯಲ್ಲೂ ಎನ್‌ಕೋಡರ್ ಇಲ್ಲ. ಅಗ್ಗ ಅಂತ ಎಡಿಟಿಂಗ್‌ಗೆ ಇವನ್ನು ಕೊಂಡರೆ ಮೂರನೇ ಕೆಲಸಕ್ಕೆ ಅವು ಇದ್ದೂ ಇಲ್ಲದ ಹಾಗೆ.

ಶಾಟ್‌ಕಟ್, ಕೆಡೆನ್‌ಲೈವ್ ಬಳಸುವವರಿಗೆ ದೊಡ್ಡ ಕಾರ್ಡಿನಿಂದ ಲಾಭ ಕಡಿಮೆ. ಆ ದುಡ್ಡಲ್ಲಿ ಎಸ್‌ಎಸ್‌ಡಿ, ರ‍್ಯಾಮ್, ಆಮೇಲೆ ಹೊಸ ಪ್ರೊಸೆಸರ್ ನೋಡಿ. ರಿಸಾಲ್ವ್ ಬಳಸುವವರು ಮಾತ್ರ ಕಾರ್ಡಿಗೆ ಧೈರ್ಯವಾಗಿ ಖರ್ಚು ಮಾಡಬಹುದು, ಮೆಮೊರಿ 8 ಜಿಬಿಗಿಂತ ಕೆಳಗೆ ಇಳಿಯಬೇಡಿ. 12 ಜಿಬಿಯ ಆರ್‌ಟಿಎಕ್ಸ್ 3060 ಇನ್ನೂ ಜನ ಕೇಳಿಕೊಂಡು ಹೋಗುವುದು ಆ ಮೆಮೊರಿಗಾಗಿಯೇ.

ಕರೆಂಟಿನ ಲೆಕ್ಕವನ್ನೂ ಹಾಕಿ. ಜಿಟಿಎಕ್ಸ್ 1650 ಎಳೆಯುವುದು 75 ವ್ಯಾಟ್, ಆರ್‌ಟಿಎಕ್ಸ್ 4060ಗೆ 115, ಆರ್‌ಟಿಎಕ್ಸ್ 3060ಗೆ 170. ಇದರ ಮೇಲೆ ಪ್ರೊಸೆಸರ್, ಮಾನಿಟರ್ ಸೇರಿಸಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಎಕ್ಸ್‌ಪೋರ್ಟ್ ನಡೆಯುವಾಗ ಕರೆಂಟ್ ಹೋಗಿ, ಯುಪಿಎಸ್ ಕಿರುಚಿ ಅದೂ ಕೈಬಿಟ್ಟರೆ ಆ ಫೈಲ್ ತೆರೆಯುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಒಂದು ಯಂತ್ರಕ್ಕೆ ಹಾಕಿಸಿ, ಜಿಪಿಯು-ಝಡ್ ಓಡಿಸಿ. ಸ್ಟಿಕ್ಕರ್ ಬದಲಿಸಿದ ನಕಲಿ ಎನ್‌ವಿಡಿಯಾ ಕಾರ್ಡುಗಳನ್ನು ಆ ಟೂಲ್ ಬಹುಮಟ್ಟಿಗೆ ಹಿಡಿದುಬಿಡುತ್ತದೆ. ಜೊತೆಗೆ ನಿಮ್ಮ ಫೋನಿನ ಒಂದು ಕ್ಲಿಪ್ಪನ್ನು ಅಲ್ಲೇ ವಿಎಲ್‌ಸಿಯಲ್ಲಿ ಓಡಿಸಿ, ಡಿಕೋಡ್ ಗ್ರಾಫ್ ಏಳುತ್ತದೆಯೇ ನೋಡಿ. ಅಂಗಡಿಯವರು “ಇದೆಲ್ಲಾ ಯಾಕೆ ಸಾರ್” ಅಂದರೆ ಪಕ್ಕದ ಅಂಗಡಿಗೆ ಹೋಗಿ.